ಸ್ಕೋಪಿನೊಳಗೆ ಕಂಡವಳು

ಎಳ್ಳ ಅಮಾವಾಸ್ಯೆಯ ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಹಿಂದಿನ ದಿನದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ. ಅಣ್ಣನ ಮಗ ರೊಟ್ಟಿ ಮುರಿಯುತ್ತ, ಏನೋ ಸಣ್ಣ ಸಂಗತಿ ಎಂಬಂತೆ ಕೇಳಿದ:

"ಅತ್ತಿ, ಮುಂಜಾನೆ ಆಯಿ ಗದ್ದಿಗಿ ಮುಂದ ನಿಂತು ಅಳಾಕತ್ತಿದ್ದಿ ಅಲ್ಲ?"

ಅತ್ತಿದ್ದು ನಿಜ. ಅವ್ವ ತೀರಿಕೊಂಡ ಮೇಲಿನ ಮೊದಲ ಎಳ್ಳ ಅಮಾವಾಸ್ಯೆ ಅದು. ಚರಗ ಚೆಲ್ಲುವ ದಿನ ಮನೆ ತುಂಬ ಮಂದಿ ಇದ್ದರು, ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ಒಬ್ಬಳೇ ಹೊಲಕ್ಕೆ ಹೋಗಿದ್ದೆ. ಕಡಲೆ ಹೊಲದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ ಅವ್ವನ ಗದ್ದಿಗೆ. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡೇ ಅತ್ತಿದ್ದೆ.

"ನಿನಗ ಹ್ಯಾಂಗ ಗೊತ್ತಾತು?"

"ಮಾಳಿಗಿ ಮ್ಯಾಲಿಂದ ಕಂಡಿತು. ಸೆರಗಿಲೆ ಕಣ್ಣ ಒರಸ್ಕೊಂಡದ್ದೂ ಕಂಡಿತು. ಸ್ಕೋಪ್ ಭಾಳ ಕ್ಲಿಯರ್ ಐತಿ."

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು.

"ಸ್ಕೋಪ್ ಎಲ್ಲಿತ್ತಲೇ?"

"ಬಂದೂಕಿನ ಮ್ಯಾಲೆ."

"ಬಂದೂಕು ಎಲ್ಲಿತ್ತು?"

"ನನ್ನ ಕೈಯಾಗ."

ಅಪ್ಪ ಎದ್ದ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ದುಡಿದು ಹವಾಲ್ದಾರನಾಗಿ ನಿವೃತ್ತನಾದವನು. ಊಟದ ನಡುವೆ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ತೊಳೆದು ಏಣಿ ಹತ್ತಿದ. ನಾವಿಬ್ಬರೂ ಹಿಂದೆಯೇ ಹೋದೆವು. ಮಾಳಿಗೆಯ ಗೋಡೆಗೆ ಒರಗಿಸಿ ಇಟ್ಟಿದ್ದ ಏರ್ ರೈಫಲ್ಲನ್ನು ಅಪ್ಪ ಎತ್ತಿಕೊಂಡ. ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಟ್ರಿಗರ್‌ನಿಂದ ಬೆರಳು ದೂರವಿಟ್ಟು, ನಳಿಗೆಯನ್ನು ಗಟ್ಟಿಯಾಗಿ ಹಿಡಿದು ಮಡಚಿದ. ಅದು ಸಡಿಲವಾಗಿ ಕೆಳಗೆ ಬಾಗಿತು. ಎಂದರೆ ಒಳಗಿನ ಸ್ಪ್ರಿಂಗ್ ಆಗಲೇ ಎಳೆದು ನಿಂತಿತ್ತು. ನಳಿಗೆಯ ಬಾಯಲ್ಲಿ ಬೂದು ಬಣ್ಣದ ಸೀಸದ ಗುಂಡು ಕೂತಿತ್ತು.

"ಮಂಗ್ಯಾ ಬಂದಿದ್ದುವು ಅಜ್ಜಾ. ಅದಕ್ಕ ತುಂಬಿ ಇಟ್ಟಿದ್ನಿ," ಎಂದ ಹುಡುಗ. ಅವನ ದನಿ ಆಗಲೇ ಸಣ್ಣದಾಗಿತ್ತು.

ಅಪ್ಪ ಏನೂ ಅನ್ನಲಿಲ್ಲ. ನಳಿಗೆ ಮುಚ್ಚಿ, ಹಿತ್ತಲಲ್ಲಿ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಅಲ್ಲಿನ ಮಣ್ಣಿನ ಗುಂಪಿಗೆ ಗುಂಡು ಹೊಡೆದು ಖಾಲಿ ಮಾಡಿದ. ಟಪ್ ಎಂದಿತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಅದಕ್ಕಿಂತ ದೊಡ್ಡದಿತ್ತು. ಮುಂಜಾನೆ ನಾನು ಕಣ್ಣೊರೆಸಿಕೊಳ್ಳುವಾಗ ಆ ಸಪ್ಪಳವಾಗಿದ್ದರೆ ನನಗೆ ಕೇಳಿಸುತ್ತಲೂ ಇರಲಿಲ್ಲವೇನೋ.

ಬಂದೂಕು ಮನೆಗೆ ಬಂದದ್ದು ದೀಪಾವಳಿಯ ಹೊತ್ತಿಗೆ. ಮಂಗಗಳ ಕಾಟಕ್ಕೆ ಬೇಸತ್ತು ಅಣ್ಣ ತರಿಸಿದ್ದ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 4.5 ಮಿಲಿಮೀಟರ್ ಮೀರದ, ಗುಂಡಿನ ಶಕ್ತಿ 20 ಜೂಲ್ ದಾಟದ ಏರ್ ರೈಫಲ್ಲಿಗೆ ಲೈಸನ್ಸ್ ಬೇಡ. ಲೈಸನ್ಸ್ ಬೇಡ ಎಂದ ಕೂಡಲೇ ಮಂದಿ ಅದನ್ನು ಆಟಿಗೆಯ ಸಾಲಿಗೆ ಸೇರಿಸಿಬಿಡುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಮಂಗಕ್ಕಾಗಲಿ ನವಿಲಿಗಾಗಲಿ ಅದನ್ನು ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ ಎಂದು ಅಪ್ಪ ಮೊದಲ ದಿನವೇ ಹೇಳಿದ್ದನಂತೆ. ಹಾಗಾಗಿ ಬಂದೂಕು ಡಬ್ಬಿಗೆ ಗುರಿ ಇಡುವುದಕ್ಕಷ್ಟೇ ಉಳಿದಿತ್ತು. ಆಮೇಲೆ ಹುಡುಗ ತನ್ನ ಜಾತ್ರೆಯ ರೊಕ್ಕ ಕೂಡಿಸಿ ಒಂದು ಸ್ಕೋಪ್ ತರಿಸಿಕೊಂಡ. ಅದನ್ನು ತಾನೇ ಕೂರಿಸಿಕೊಂಡ.

ಅವನನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರಲಿಲ್ಲ. ದೊಡವಾಡದ ಸುತ್ತಮುತ್ತ ಹುಟ್ಟಿದ ಹುಡುಗರಿಗೆ ಗುರಿ ಎಂಬ ಮಾತು ಹಾಲಿನ ಜೊತೆಗೇ ಬರುತ್ತದೆ. ಅತ್ತ ಸಂಗೊಳ್ಳಿ, ಇತ್ತ ಬೆಳವಡಿ, ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಅಮಟೂರ ಬಾಳಪ್ಪನ ಗುಂಡಿಗೆ ಎಂಬುದನ್ನು ಇಲ್ಲಿ ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ಶಾಲೆಯ ನಾಟಕದಲ್ಲಿ ನಮ್ಮ ಹುಡುಗನದೇ ಬಾಳಪ್ಪನ ಪಾರ್ಟು. ಕಟ್ಟಿಗೆಯ ಬಂದೂಕು ಹಿಡಿದು ಒಂದು ಕಣ್ಣು ಮುಚ್ಚಿ ನಿಂತ ಅವನ ಫೋಟೊ ಪಡಸಾಲೆಯ ಗೋಡೆಯ ಮೇಲಿದೆ.

ಆದರೆ ಬಾಳಪ್ಪನ ಬಂದೂಕಿಗೆ ಸ್ಕೋಪ್ ಇರಲಿಲ್ಲ. ಆ ಕಾಲದ ಬಂದೂಕುಗಳು ಬಾಯಿಯಿಂದ ಮದ್ದು ಗುಂಡು ತುಂಬುವಂಥವು. ನೂರು ಮೀಟರ್ ಆಚೆಗೆ ಅವನ್ನು ನಂಬುವ ಹಾಗಿರಲಿಲ್ಲ. ಹೊಡೆಯುವವನು ಎದುರಿಗೆ ನಿಲ್ಲಬೇಕಿತ್ತು, ತಾನೂ ಕಾಣಿಸಿಕೊಳ್ಳಬೇಕಿತ್ತು. ಬಾಳಪ್ಪ ಅದೇ ವರ್ಷ ಡಿಸೆಂಬರಿನ ಕಾಳಗದಲ್ಲಿ ತಾನೂ ಗುಂಡಿಗೆ ಬಲಿಯಾದ. ರೈಫಲ್ಲಿಗೆ ದುರ್ಬೀನು ಕೂರಿಸುವುದು ಅಮೆರಿಕದಂಥ ಕಡೆ ರೂಢಿಗೆ ಬಂದದ್ದು 1840ರ ದಶಕದ ನಂತರ. ಅಂದಿನಿಂದ, ತಾನು ಕಾಣಿಸಿಕೊಳ್ಳದೆ ನೋಡಬಹುದು ಎಂಬ ಅನುಕೂಲ ಬಂದೂಕು ಹಿಡಿದವನಿಗೆ ದಕ್ಕಿತು. ಆ ಅನುಕೂಲದ ಇನ್ನೊಂದು ತುದಿಯಲ್ಲಿ ನಾನು ಆ ಮುಂಜಾನೆ ನಿಂತಿದ್ದೆ.

ಸಂಜೆ ಅಪ್ಪ ಪಡಸಾಲೆಯಲ್ಲಿ ಹಳೆಯ ಧೋತರ ಹಾಸಿ, ಬಂದೂಕು ಮಲಗಿಸಿ, ಸಣ್ಣ ಅಲೆನ್ ಕೀಲಿಯಿಂದ ಸ್ಕೋಪಿನ ಸ್ಕ್ರೂ ಬಿಚ್ಚಿದ. ಬಂದೂಕನ್ನು ತನ್ನ ಮಿಲಿಟರಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ. ಸ್ಕೋಪನ್ನು ಹುಡುಗನ ಕೈಗೆ ಕೊಟ್ಟ.

"ನೋಡಾಕ ಬೇಕಂದ್ರ ಇದನ್ನ ತಗೊ. ಎರಡು ದಿನ ಏನ್ ಬೇಕಾದ್ದು ನೋಡು. ಸೂರ್ಯನ ಕಡೆ ಅಷ್ಟ ತಿರುಗಿಸಬ್ಯಾಡ, ಕಣ್ಣ ಸುಟ್ಟುಹೋಗತಾವು. ಬಂದೂಕು ನೋಡಾಕ ಇರೂದಲ್ಲ."

ಸ್ಕೋಪಿನ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇಷ್ಟೇ ಎಂದು ನನಗೆ ಈಗ ಅನ್ನಿಸುತ್ತದೆ. ಅದು ಬಂದೂಕಿನ ಮೇಲೆ ಇರುವವರೆಗೆ, ಅದರಲ್ಲಿ ನೋಡುವುದೆಂದರೆ ನಳಿಗೆಯನ್ನು ಅತ್ತ ತಿರುಗಿಸುವುದೇ. ಎರಡೂ ಬೇರೆ ಅಲ್ಲ. ಹುಡುಗ ನನ್ನ ಕಡೆ ಬಂದೂಕು ತಿರುಗಿಸಿರಲಿಲ್ಲ, ಅತ್ತೆ ಏನು ಮಾಡುತ್ತಿದ್ದಾಳೆ ಎಂದು ನೋಡಿದ್ದ ಅಷ್ಟೇ. ಆದರೆ ಅವನು ನನ್ನ ಕಣ್ಣೀರು ನೋಡುತ್ತಿದ್ದಾಗ ಆ ಎರಡು ಗೆರೆ ಕೂಡುವ ಜಾಗ ನನ್ನ ಮುಖದ ಮೇಲೇ ಇತ್ತು, ಗುಂಡು ನಳಿಗೆಯಲ್ಲಿತ್ತು. ಅಷ್ಟು ದೂರಕ್ಕೂ ಆ ಸೀಸದ ಚೂರು ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಆ ರಾತ್ರಿ ನಿದ್ದೆ ಬರಲಿಲ್ಲ. ಹಣೆಯ ನಡುವೆ ಯಾರೋ ಬೆರಳಿಟ್ಟ ಹಾಗೆ ಆಗುತ್ತಿತ್ತು.

ಎರಡನೆಯ ದಿನ ಅಪ್ಪ ಅವನನ್ನು ಮಾಳಿಗೆಗೆ ಕರೆದೊಯ್ದು ಬರಿಯ ಸ್ಕೋಪಿನಲ್ಲಿ ಬೇವಿನ ಗಿಡ ನೋಡು ಎಂದ. ನಾನು ಹೊಲದಲ್ಲಿ ಕಡಲೆಗಿಡ ಕೀಳುತ್ತಿದ್ದೆ.

"ಏನ್ ಕಾಣತೈತಿ?"

"ಗಿಡ. ಗದ್ದಿಗಿ. ಊದಿನಕಡ್ಡಿ ಪ್ಯಾಕೆಟ್ ಸುದ್ದಾ."

"ಎಡಕ್ಕ ಹತ್ತು ಹೆಜ್ಜಿ ಆಚೆ ಯಾರದಾರ?"

ಅವನು ಸ್ಕೋಪ್ ಇಳಿಸಿ ನೋಡಿದ. ನಾನಿದ್ದೆ.

ಅವನದು ನಾಲ್ಕು ಪಟ್ಟು ಹಿಗ್ಗಿಸುವ ಸ್ಕೋಪ್. ಮೇಲೆ 4x32 ಎಂದು ಬರೆದಿತ್ತು. 4 ಎಂದರೆ ಎಷ್ಟು ಪಟ್ಟು ಎಂಬುದು, 32 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಇಂಥದರಲ್ಲಿ ನೂರು ಮೀಟರ್ ದೂರದಲ್ಲಿ ಕಾಣುವುದು ಸುಮಾರು 10 ಮೀಟರ್ ಅಗಲದ ಒಂದು ವರ್ತುಲ ಮಾತ್ರ. ಹೆಚ್ಚು ಪಟ್ಟು ಹಿಗ್ಗಿಸಿದಷ್ಟೂ ಆ ವರ್ತುಲ ಕಿರಿದಾಗುತ್ತದೆ. ದೂರದ ಊದಿನಕಡ್ಡಿ ಪ್ಯಾಕೆಟ್ ತೋರಿಸುವ ಗಾಜು ಪಕ್ಕದಲ್ಲಿ ನಿಂತ ಮನುಷ್ಯಳನ್ನು ಅಡಗಿಸುತ್ತದೆ. ಅದಕ್ಕೇ ಮೊದಲು ಬರಿಗಣ್ಣಿನಿಂದ ಸುತ್ತ ನೋಡಬೇಕು, ಗುರಿಯ ಹಿಂದೆ ಏನಿದೆ ನೋಡಬೇಕು, ಆಮೇಲೆ ಸ್ಕೋಪು. ಸ್ಕೋಪಿಗೆ ಕಣ್ಣಿಟ್ಟಾಗಲೂ ಇನ್ನೊಂದು ಕಣ್ಣು ತೆರೆದಿರಬೇಕು. ಬಾಳಪ್ಪನ ಪಾರ್ಟು ಮಾಡಿದವನಿಗೆ ಇದು ಬಹಳ ಕಷ್ಟವಾಯಿತು.

ಮೂರನೆಯ ದಿನ ಟ್ರಂಕು ತೆರೆಯಿತು. ಅಪ್ಪ ಬಂದೂಕು ತೆಗೆದವನೇ ಹುಡುಗನ ಮುಂದೆ ಹಿಡಿದು "ಜಾಂಚ್ ಶಸ್ತ್ರ!" ಎಂದ. ನನಗೆ ನಗು ಬಂತು. ಕಾಲೇಜಿನ ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು ಫೈರಿಂಗ್ ರೇಂಜಿನಲ್ಲಿ ಮಲಗಿದ್ದಾಗ ನಾನೂ ಆ ಆದೇಶ ಕೇಳಿದವಳೇ. ಖಾಲಿ ಎಂದು ಗೊತ್ತಿದ್ದರೂ ತೆರೆದು ತೋರಿಸಬೇಕು. ಪಕ್ಕದವನು ಈಗಷ್ಟೇ ತೆರೆದು ತೋರಿಸಿದ್ದರೂ ನಾನು ಮತ್ತೆ ತೆರೆದು ನೋಡಬೇಕು. ಸ್ಕೋಪ್ ಕೂರಿಸುವಾಗ ಕೈ, ಕಣ್ಣು, ಮುಖ ಎಲ್ಲ ಬಂದೂಕಿನ ಸುತ್ತಲೇ ಓಡಾಡುತ್ತವೆ. ಆ ಕೆಲಸದಲ್ಲಿ ಇದು ಮೊದಲ ಹೆಜ್ಜೆ. ಗುಂಡಿನ ಡಬ್ಬಿ ಒಳಗಿನ ಕೋಣೆಯಲ್ಲೇ ಉಳಿಯಿತು.

ಹುಡುಗ ಮೊದಲು ಸ್ಕೋಪ್ ಕೂರಿಸಿದ್ದರಲ್ಲಿ ನಾಲ್ಕು ತಪ್ಪಿದ್ದವು. ಒಂದು, ಅದು ಕಣ್ಣಿಗೆ ತೀರ ಹತ್ತಿರವಿತ್ತು. ಸ್ಕೋಪಿನ ಹಿಂದಿನ ಗಾಜಿಗೂ ಕಣ್ಣಿಗೂ ನಡುವೆ ಸಾಮಾನ್ಯವಾಗಿ ಮೂರು ಇಂಚಿನಷ್ಟು ಅಂತರ ಬೇಕು. ಅಷ್ಟು ದೂರದಲ್ಲಿಯೇ ಚಿತ್ರ ಅಂಚಿನ ತನಕ ತುಂಬಿ ಕಾಣುತ್ತದೆ, ಕಪ್ಪು ನೆರಳು ಬರುವುದಿಲ್ಲ. ಮದ್ದಿನ ರೈಫಲ್ಲಾದರೆ ಹತ್ತಿರ ಇಟ್ಟವನ ಹುಬ್ಬು ಒಡೆಯುತ್ತದೆ. ಅಪ್ಪನ ಪಲ್ಟನ್ನಿನಲ್ಲಿ ಒಬ್ಬನ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಇತ್ತಂತೆ. ದ್ರಾಗುನೋವ್ ರೈಫಲ್ಲಿನ ಸ್ಕೋಪ್ ಕೊಟ್ಟ ಮೆಡಲ್ಲು ಎಂದು ಎಲ್ಲರೂ ನಗುತ್ತಿದ್ದರಂತೆ.

ಎರಡು, ಸ್ಕೋಪಿನ ನಿಂತ ಗೆರೆ ಓರೆಯಾಗಿತ್ತು. ಅಪ್ಪ ಅವ್ವನ ಹೊಲಿಗೆ ಯಂತ್ರದ ದಾರಕ್ಕೆ ಒಂದು ನಟ್ಟು ಕಟ್ಟಿ ಹಿತ್ತಲ ಗೋಡೆಯ ಮೊಳೆಗೆ ಇಳಿಬಿಟ್ಟ. ಗೌಂಡಿ ಗೋಡೆ ನೇರ ನೋಡುವ ವಿದ್ಯೆಯೇ ಅದು. ಬಂದೂಕನ್ನು ಮಣ್ಣಿನ ಚೀಲದ ಮೇಲೆ ಸಮ ಮಲಗಿಸಿ, ಸ್ಕೋಪನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಒಳಗಿನ ಗೆರೆ ದಾರದ ಮೇಲೆ ಕೂಡಿಸಿದ. ಗೆರೆ ಓರೆಯಾಗಿದ್ದರೆ ಹತ್ತಿರದ ಗುರಿಗೆ ಗೊತ್ತಾಗುವುದಿಲ್ಲ. ದೂರ ಹೆಚ್ಚಿದಂತೆ ಗುಂಡು ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ.

ಮೂರು, ಸ್ಕ್ರೂಗಳನ್ನು ಅವನು ಟ್ರ್ಯಾಕ್ಟರಿನ ಬೋಲ್ಟಿನಂತೆ ಬಿಗಿದಿದ್ದ. ಸ್ಕೋಪಿನ ಕೊಳವೆ ತೆಳು ಅಲ್ಯೂಮಿನಿಯಮ್. ಒಂದು ಕಡೆ ಪೂರ್ತಿ ಬಿಗಿದರೆ ನೆಗ್ಗುತ್ತದೆ. ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು, ಬಳೆಯ ಎರಡೂ ಬದಿಯ ಸಂದು ಸಮ ಉಳಿಯಬೇಕು.

ನಾಲ್ಕನೆಯದು ನನಗೂ ಹೊಸದು. ಗಾಳಿಬಂದೂಕಿಗೆ ಏಟು ಕಡಿಮೆ, ಯಾವ ಸ್ಕೋಪಾದರೂ ನಡೆಯುತ್ತದೆ ಎಂದು ಮಂದಿ ಭಾವಿಸುತ್ತಾರೆ. ಆದರೆ ಸ್ಪ್ರಿಂಗಿನ ಏರ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ. ಒಳಗಿನ ಪಿಸ್ಟನ್ ಮುಂದೆ ಹೋಗಿ ನಿಂತ ಕ್ಷಣಕ್ಕೆ ಮುಂದಕ್ಕೂ ಜಗ್ಗುತ್ತದೆ. ಈ ಎರಡು ಕಡೆಯ ಏಟಿಗೆ ಮದ್ದಿನ ರೈಫಲ್ಲಿಗೆಂದು ಮಾಡಿದ ಸ್ಕೋಪುಗಳೂ ಒಳಗೇ ಸಡಿಲಾಗುತ್ತವೆ, ಬಳೆಗಳು ಹಿಂದೆ ಸರಿಯುತ್ತವೆ. ಅದನ್ನು ತಡೆಯಲು ಸಣ್ಣ ತಡೆಮೊಳೆ ಇರುವ ಬಳೆ ಬೇಕು. ಅದು ಡಬ್ಬಿಯಲ್ಲೇ ಇತ್ತು. ಹುಡುಗ ಬೇಡವೆಂದು ಬಿಟ್ಟಿದ್ದ.

ಆಮೇಲೆ ಗುರಿ ಕೂಡಿಸುವ ಕೆಲಸ. ಹೊಲದ ಎತ್ತರದ ಬದುವಿಗೆ ಮಣ್ಣು ತುಂಬಿದ ಗೋಣಿಚೀಲ ಒರಗಿಸಿ, ಅದರ ಮೇಲೆ ಕಾಗದ ಚುಚ್ಚಿದೆವು. ಕಲ್ಲಿಗೆ, ಗೋಡೆಗೆ ಹೊಡೆದರೆ ಗುಂಡು ಸಿಡಿದು ಹಿಂದೆ ಬರುತ್ತದೆ; ನಮ್ಮ ಎರೆ ಮಣ್ಣು ಅದನ್ನು ನುಂಗಿಕೊಳ್ಳುತ್ತದೆ. ದೂರ 20 ಮೀಟರ್. ಕಣ್ಣಿಗೆ ಎಲ್ಲರಿಗೂ ಕನ್ನಡಕ. ಒಂದೊಂದೇ ಗುಂಡು, ಒಟ್ಟು ಐದು.

ಐದೂ ನಡುವಿನಿಂದ ಕೆಳಗೆ, ಎಡಕ್ಕೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಹುಡುಗನ ಮುಖ ಬಾಡಿತು. ಅಪ್ಪನಿಗೆ ಖುಷಿಯಾಯಿತು. "ಒಂದ ಕಡೆ ಬಿದ್ದಾವಲ್ಲ, ಸಾಕು. ನಡಕ್ಕ ತರೂದು ಸ್ಕ್ರೂ ಕೆಲಸ. ಒಂದ ಕಡೆ ಬೀಳಸೂದು ಮನಷ್ಯಾನ ಕೆಲಸ."

ಮುಂದಿನದು ಬರಿಯ ಲೆಕ್ಕ. ಸ್ಕೋಪಿನ ಮೇಲಿನ ಗುಂಡಿ ತಿರುಗಿಸಿದಾಗ ಕಟ್ ಕಟ್ ಎನ್ನುತ್ತದೆ. ಅವನ ಸ್ಕೋಪಿನ ಒಂದು ಕ್ಲಿಕ್ಕಿಗೆ ನೂರು ಮೀಟರಿನಲ್ಲಿ ಗುಂಡು ಸುಮಾರು 7 ಮಿಲಿಮೀಟರ್ ಸರಿಯುತ್ತದೆ. 20 ಮೀಟರಿಗೆ ಅದರ ಐದನೆಯ ಒಂದು ಪಾಲು, ಸುಮಾರು ಒಂದೂವರೆ ಮಿಲಿಮೀಟರ್. ಗುಂಡುಗಳು 3 ಸೆಂಟಿಮೀಟರ್ ಕೆಳಗೆ ಬಿದ್ದಿದ್ದರಿಂದ ಮೇಲಕ್ಕೆ 20 ಕ್ಲಿಕ್. ಎಡಕ್ಕೆ ಒಂದೂವರೆ ಸೆಂಟಿಮೀಟರ್ ಸರಿದಿದ್ದರಿಂದ ಬಲಕ್ಕೆ 10. ಪ್ರತಿ ಸಲವೂ ಬಂದೂಕು ಖಾಲಿ ಮಾಡಿಯೇ ಗುಂಡಿ ಮುಟ್ಟಬೇಕು ಎಂಬುದು ಅಪ್ಪನ ಕಟ್ಟಳೆ. ಮತ್ತೆ ಐದು ಗುಂಡು. ಎರಡು ನಡುವಿಗೇ ಬಿದ್ದವು, ಉಳಿದವು ಅದರ ಅಕ್ಕಪಕ್ಕ.

"ಇನ್ನ ಎಷ್ಟ ದೂರ ಆದರೂ ಹೊಡೀಬಹುದು?" ಎಂದ ಹುಡುಗ.

ಇಲ್ಲ ಎಂದು ನಾನೇ ಹೇಳಿದೆ. ಭೌತಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವಳು ಅಷ್ಟಾದರೂ ಹೇಳಬೇಕಲ್ಲ. ನಮ್ಮ ನೋಟ ನೇರ ಗೆರೆ. ಗುಂಡಿನ ದಾರಿ ಹಾಗಲ್ಲ, ನಳಿಗೆ ಬಿಟ್ಟ ಕ್ಷಣದಿಂದ ಭೂಮಿ ಅದನ್ನು ಕೆಳಗೆ ಎಳೆಯುತ್ತಿರುತ್ತದೆ. ಸ್ಕೋಪ್ ನಳಿಗೆಗಿಂತ ಒಂದೂವರೆ ಎರಡು ಇಂಚು ಮೇಲೆ ಕೂತಿರುವುದರಿಂದ ಗುಂಡು ನೋಟದ ಗೆರೆಯ ಕೆಳಗಿನಿಂದ ಹೊರಟು, ಅದನ್ನು ಸೇರಿ, ಆಮೇಲೆ ಮತ್ತೆ ಕೆಳಗೆ ಬೀಳುತ್ತದೆ. ನಾವು ಕೂಡಿಸಿದ್ದು ಒಂದೇ ಒಂದು ದೂರಕ್ಕೆ. ಆ ಕೂಡಿಕೆಯೂ ಶಾಶ್ವತವಲ್ಲ. ಬಂದೂಕು ಒಮ್ಮೆ ಬಿದ್ದರೂ ಮತ್ತೆ ಕಾಗದದ ಮುಂದೆ ಕೂರಬೇಕು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾಗೆ ಫೈನಲ್ಲಿನ ಮುಂಚಿನ ಅಭ್ಯಾಸದ ಗುಂಡು ದೂರ ಬಿದ್ದಾಗಲೇ ತಮ್ಮ ರೈಫಲ್ಲಿನ ಸೈಟ್ ಕದಲಿದ್ದು ತಿಳಿದದ್ದು. ಅದನ್ನು ಸರಿಮಾಡಿಕೊಂಡು ಆಡಿ, 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. ಅಂದ ಹಾಗೆ, ಆ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಸಣ್ಣ ತೂತಿನ ಸೈಟು ಮಾತ್ರ. ಇದನ್ನು ಕೇಳಿ ಹುಡುಗನಿಗೆ ಸ್ವಲ್ಪ ಅವಮಾನವಾಯಿತು.

ಧಾರವಾಡಕ್ಕೆ ಹೊರಡುವ ಹಿಂದಿನ ಸಂಜೆ ಅವನನ್ನು ಕೇಳಿದೆ: "ಅವತ್ತ ನಾ ಅಳೂದು ಕಂಡಿತಲ್ಲ, ಯಾಕ ಇಳಿದು ಬರಲಿಲ್ಲ?"

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಹತ್ತರ ಬಂದಿದ್ರ ನೀ ಅಳೂದು ಬಿಡ್ತಿದ್ದಿ."

ನನ್ನಲ್ಲಿ ಉತ್ತರವಿರಲಿಲ್ಲ. ಅವ್ವ ಸತ್ತಾಗ ಅವನು ಅತ್ತದ್ದನ್ನು ನಾವ್ಯಾರೂ ನೋಡಿಲ್ಲ. ಗಂಡು ಹುಡುಗ, ಗಟ್ಟಿ ಇದ್ದಾನೆ ಎಂದುಕೊಂಡು ನಮ್ಮ ನಮ್ಮ ದುಃಖದಲ್ಲಿ ಮುಳುಗಿದ್ದೆವು. ಅವನು ಮಾಳಿಗೆಯ ಮೇಲೆ ಏನೇನು ನೋಡುತ್ತ ಕೂತಿರುತ್ತಿದ್ದನೋ.

ಮರುದಿನ ಬಸ್ಸಿಗೆ ಮೊದಲು ಮತ್ತೆ ಗದ್ದಿಗೆಯ ಹತ್ತಿರ ಹೋದೆ. ತಿರುಗಿ ನೋಡಿದರೆ ಮಾಳಿಗೆಯ ಮೇಲೆ ಹುಡುಗ ನಿಂತಿದ್ದ. ಎರಡೂ ಕೈ ಖಾಲಿ. ಬಂದೂಕು ಟ್ರಂಕಿನಲ್ಲಿತ್ತು, ಕೀಲಿ ಅಪ್ಪನ ಉಡದಾರದಲ್ಲಿತ್ತು. ನಾನು ಕೈ ಬೀಸಿದೆ. ಅವನು ಇಳಿದು, ಬದುವಿನ ಮೇಲೆ ಹಾದು, ಇಬ್ಬನಿಯಲ್ಲಿ ಕಾಲು ತೋಯಿಸಿಕೊಂಡು ಬಂದು ಪಕ್ಕಕ್ಕೆ ನಿಂತ.

"ಎಷ್ಟ ಹೆಜ್ಜಿ ಆದುವೋ?" ಎಂದೆ.

"ನೂರಾ ಅರವತ್ತು," ಎಂದ. ಎಣಿಸಿಕೊಂಡೇ ಬಂದಿದ್ದ. "ಸ್ಕೋಪಿನ್ಯಾಗ ಆಗಿದ್ರ ನಲವತ್ತು."

ಅವನ ಕಣ್ಣು ಒದ್ದೆಯಾಗಿತ್ತು. ನಾನು ನೋಡಲಿಲ್ಲ ಎಂಬಂತೆ ಊದಿನಕಡ್ಡಿ ಹಚ್ಚಿದೆ.